ಬಸುರಿ ಕೂತ ದಾರಿ, ಮೂವರು ರಾಜರ ಬಂಡಿ

ಆನೆಗೆ ಬಾಗಿಲು ತೆರೆದರು, ಬಸುರಿ ಹೆಂಗಸಿಗೆ ಮುಚ್ಚಿದರು. ತಪ್ಪು ಇದು. ಮಾಡಿದವರು ಮೂವರು ರಾಜರು ಮತ್ತು ಅವರ ಒಬ್ಬ ಮಂತ್ರಿ. ಮಾಡಿದ ಮೇಲೆ ನಾಚಿಕೆ ಪಡಲಿಲ್ಲ, ಹಾರ ಹಾಕಿಸಿಕೊಂಡರು. ಬೆಣ್ಣೆ ಸವರಿ ಹೇಳುವ ಕಥೆ ಇದಲ್ಲ. ಮಕ್ಕಳೇ, ಮುಂದೆ ಬನ್ನಿ. ದೊಡ್ಡವರು ಹಿಂದೆ ಗೋಡೆಗೊರಗಿ ಗೊರಕೆ ಹೊಡೆಯಬೇಡಿ. ಇದು ನಿಮಗೇ ಹೇಳುತ್ತಿರುವುದು.

ಮೂರು ರಾಜ್ಯಗಳು ಮೂಗಿಗೆ ಮೂಗು ತಾಗಿಸಿಕೊಂಡು ಕೂತಿದ್ದ ಜಾಗದಲ್ಲಿ ಒಂದು ಕಾಡಿತ್ತು. ಮೇಲೆ ಮೇಲ್ಗಿರಿ. ಕೆಳಗೆ ತಗ್ಗುನಾಡು. ಪಕ್ಕದಲ್ಲಿ ನಡುಕೋಟೆ. ಗಡಿ ಎಲ್ಲಿದೆ ಅಂತ ಮೂರು ರಾಜ್ಯಕ್ಕೂ ಗೊತ್ತಿತ್ತು, ಕಾಡಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಬಿದಿರು ಒಂದು ರಾಜ್ಯದಲ್ಲಿ ಹುಟ್ಟಿ ಇನ್ನೊಂದಕ್ಕೆ ಬಾಗುತ್ತಿತ್ತು. ಕೋತಿ ಒಂದು ರಾಜ್ಯದಲ್ಲಿ ಹಣ್ಣು ತಿಂದು ಇನ್ನೊಂದರಲ್ಲಿ ಬೀಜ ಉಗಿಯುತ್ತಿತ್ತು. ಕಾಡಿನ ಜನವೂ ಹಾಗೆಯೇ. ಅಲ್ಲಿಂದ ಹೆಣ್ಣು ತಂದರು, ಅಲ್ಲಿಗೆ ಹೆಣ್ಣು ಕೊಟ್ಟರು. ಹಳ್ಳದ ಈಚೆ ತವರು, ಆಚೆ ಗಂಡನ ಮನೆ. ನಡುವೆ ಒಂದು ದಾರಿ. ಹಗಲು ಅದರಲ್ಲಿ ಜನ ಓಡಾಡುತ್ತಿದ್ದರು, ಮಬ್ಬಾದ ಮೇಲೆ ಆನೆ ಓಡಾಡುತ್ತಿತ್ತು. ಜಗಳ ಇರಲಿಲ್ಲ.

ಈಚೆ ಕಡೆಯ ಹಾಡಿಯಲ್ಲಿ, ಮೇಲ್ಗಿರಿಯ ನೆಲದಲ್ಲಿ, ಕೇತಮ್ಮ ಅನ್ನುವ ಹೆಂಗಸಿದ್ದಳು. ಊರಿನ ಹೆರಿಗೆಯೆಲ್ಲ ಅವಳ ಕೈಯಲ್ಲೇ ಆಗುತ್ತಿತ್ತು. ಅವಳಿಗೆ ಒಬ್ಬಳೇ ಮಗಳು, ಬೊಮ್ಮಿ. ಬೊಮ್ಮಿಯನ್ನು ಹಳ್ಳದಾಚೆಯ ಹಾಡಿಗೆ, ತಗ್ಗುನಾಡಿನ ಕಡೆಗೆ, ಜಡೆಯ ಅನ್ನುವ ಹುಡುಗನಿಗೆ ಕೊಟ್ಟಿದ್ದಳು. ಅಳಿಯ ಒಳ್ಳೆಯವನೇ. ಆದರೆ ಅವನು ಅಡುಗೆಗೆ ಕೂತರೆ ಒಲೆಯೇ ಹೆದರಿ ಆರಿಹೋಗುತ್ತಿತ್ತು.

ಬೊಮ್ಮಿ ಬಸುರಾದಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ತಾಯಿ ಬುಟ್ಟಿ ಹೊತ್ತು ಹೋಗಿ ಮಗಳನ್ನು ಕರೆತರಬೇಕು. ರಾಜರು ಹುಟ್ಟುವ ಮೊದಲಿನಿಂದ ಬಂದ ಪದ್ಧತಿ ಅದು. ಪದ್ಧತಿ ಹಾಗಿರಲಿ, ಆಚೆ ಹಾಡಿಯಲ್ಲಿ ಹೆರಿಗೆ ಮಾಡಿಸಬಲ್ಲ ಒಂದು ಕೈಯೂ ಇರಲಿಲ್ಲ. ಹಿಂದಿನ ವರ್ಷ ಅಲ್ಲಿ ಒಬ್ಬಳು ಹೆರಲಾಗದೆ ಸತ್ತಿದ್ದಳು. ಅದನ್ನು ನೆನೆದರೆ ಕೇತಮ್ಮನಿಗೆ ಅನ್ನ ಇಳಿಯುತ್ತಿರಲಿಲ್ಲ.

ಅವಳು ರಾಗಿ ಹುರಿದಳು. ಬೀಸಿದಳು. ಬೆಲ್ಲ ಕಲಸಿ ತಂಬಿಟ್ಟು ಕಟ್ಟಿದಳು. ಬುಟ್ಟಿ ಹೊತ್ತು ಹಳ್ಳಕ್ಕೆ ಬಂದಳು.

ಹಳ್ಳದ ದಂಡೆಗೆ ಬಾಗಿಲು ಬಂದಿತ್ತು.

ಉದ್ದಕ್ಕೂ ಮುಳ್ಳುಬೇಲಿ. ದಾರಿ ಇದ್ದ ಕಡೆ ಆನೆ ಹಿಡಿಸುವಷ್ಟು ದೊಡ್ಡ ಬಾಗಿಲು. ಬಾಗಿಲಿಗೆ ಮಾವಿನ ತೋರಣ. ಬಾಗಿಲ ಮುಂದೆ ಕೋಲು ಹಿಡಿದ ಕಾವಲುಗಾರ ಮುಕುಡಪ್ಪ. ಅವನು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಕೇತಮ್ಮನೇ.

"ಎಲ್ಲಿಗೆ ಕೇತಕ್ಕ?"

"ಮಗಳ ಮನೆಗೆ ಕಣಪ್ಪ. ಇದೇನಿದು ತೋರಣ? ಯಾರ ಮದುವೆ?"

ಮುಕುಡಪ್ಪ ತಲೆ ಕೆರೆದುಕೊಂಡ. ಹೊಸ ಕಾನೂನಂತೆ. ಮೂರು ರಾಜ್ಯದ ಕಾಡು ಈಗ ಒಂದೇ ಕಾಡಂತೆ. ಇನ್ನು ಮೇಲೆ ಗಡಿಯೇ ಇಲ್ಲವಂತೆ.

"ಗಡಿ ಇಲ್ಲ ಅಂದ್ಮೇಲೆ ಬಾಗಿಲು ಯಾಕೆ?" ಅಂದಳು ಕೇತಮ್ಮ.

"ಗಡಿ ಇಲ್ಲದೆ ಇರೋದು ಪ್ರಾಣಿಗೆ, ಅತಿಥಿಗೆ. ನೀನು ಆನೆಯಾ?"

"ನಿಂಗೆ ಕಣ್ಣು ಕಾಣಲ್ವ?"

"ಅತಿಥಿಯಾ?"

"ಅತಿಥಿ ಅಂದ್ರೆ ಹೆಂಗಿರ್ತಾನೆ?"

"ಟೋಪಿ ಇರುತ್ತೆ."

ಕೇತಮ್ಮನ ತಲೆಯ ಮೇಲೆ ಬುಟ್ಟಿ ಇತ್ತು, ಟೋಪಿ ಇರಲಿಲ್ಲ. ಬಾಗಿಲು ತೆರೆಯಲಿಲ್ಲ.

ಈ ಬಾಗಿಲು ಬಂದದ್ದು ಹೀಗೆ. ಮೂವರು ರಾಜರಿಗೂ ಸೇರಿ ಚಪ್ಪಾಳಯ್ಯ ಅನ್ನುವ ಒಬ್ಬ ಮಂತ್ರಿ ಸಿಕ್ಕಿದ್ದ. ಅವನ ಕಸುಬು ಅತಿಥಿ ಕರೆಸುವುದು. ಪರದೇಶದವರಿಗೆ ಪ್ರಾಣಿ ಅಂದರೆ ಪ್ರಾಣ ಅಂತ ಅವನು ರಾಜರಿಗೆ ಹೇಳಿದ. ಕಾಡಿಗೆ ರಸ್ತೆ ಮಾಡಿ, ಎತ್ತರದ ಬಂಡಿ ಕಟ್ಟಿ, ಅತಿಥಿಗಳನ್ನು ಕೂರಿಸಿ, ಮೂರು ರಾಜ್ಯದ ಪ್ರಾಣಿಯನ್ನು ಒಂದೇ ಸುತ್ತಿನಲ್ಲಿ ತೋರಿಸಿದರೆ ಚಿನ್ನದ ಮಳೆ ಸುರಿಯುತ್ತದೆ ಅಂದ. ರಾಜರು ಬಾಯಿ ತೆರೆದು ಆಕಾಶ ನೋಡಿದರು. ಕಾಡಿನ ಜನರನ್ನು ಕೇಳಿದರಾ? ಕೇಳಲಿಲ್ಲ. ಆನೆಯನ್ನಾದರೂ ಕೇಳಿದರಾ? ಅದನ್ನೂ ಕೇಳಲಿಲ್ಲ. ಬಂಡಿಗೆ ನೋಡುಬಂಡಿ ಅಂತ ಹೆಸರಿಟ್ಟರು, ಕೆಲಸ ಮುಗಿಯಿತು ಅಂದರು.

ಕೇತಮ್ಮ ರಾಜರನ್ನೇ ಕಾಣಲು ಹೋದಳು.

ಮೂರು ಗಡಿ ಕೂಡುವ ಜಾಗದಲ್ಲಿ ಒಂದು ಚಪ್ಪರ. ನಡುವೆ ದುಂಡು ಮೇಜು. ಸುತ್ತ ಮೂರು ಸಿಂಹಾಸನ, ಒಂದೊಂದೂ ಅದರದರ ರಾಜ್ಯದ ನೆಲದಲ್ಲಿ. ಒಬ್ಬ ರಾಜ ಕಾಲು ಚಾಚಿದರೆ ಇನ್ನೊಬ್ಬನ ಮೇಲೆ ದಂಡೆತ್ತಿ ಹೋದಂತಾಗುತ್ತಿತ್ತು. ಹಾಗಾಗಿ ಮೂವರೂ ಮಂಡಿ ಮಡಚಿಕೊಂಡು ಕೂತಿದ್ದರು. ಕಾಲು ಜೋಮು ಹಿಡಿದು ಮುಖ ಹುಳ್ಳಗಾಗಿತ್ತು.

ಕೇತಮ್ಮ ತನ್ನ ರಾಜ್ಯದ ನೆಲದಲ್ಲೇ ನಿಂತು, ಮಗಳು ದಿನ ತುಂಬಿದವಳು, ಕರೆತರಲು ಬಾಗಿಲು ತೆರೆಸಿ ಅಂತ ಕೇಳಿದಳು.

ಮೇಲ್ಗಿರಿಯ ರಾಜನಿಗೆ ದೊಡ್ಡ ಮೀಸೆ. ಅದಕ್ಕೆ ದಿನವೂ ತುಪ್ಪ ಸವರುತ್ತಿದ್ದ. ಅವನು ಮೀಸೆ ತಿರುವಿ, ತನಗೇನೋ ಮನಸ್ಸಿದೆ, ಆದರೆ ಬಾಗಿಲು ತನ್ನೊಬ್ಬನದಲ್ಲ, ತಗ್ಗುನಾಡಿನವರು ಒಪ್ಪಬೇಕು ಅಂದ.

ತಗ್ಗುನಾಡಿನ ರಾಜ ಯಾವಾಗಲೂ ಏನನ್ನಾದರೂ ತಿನ್ನುತ್ತಿದ್ದ. ಅವನು ಅಗಿಯುತ್ತಲೇ, ತನಗೂ ಮನಸ್ಸಿದೆ, ಆದರೆ ನಡುಕೋಟೆಯವರು ಒಪ್ಪಬೇಕು ಅಂದ.

ನಡುಕೋಟೆಯ ರಾಜನ ಕಣ್ಣು ಸದಾ ಒದ್ದೆ. ಅವನು ಮೂಗು ಒರೆಸಿಕೊಂಡು, ಈ ಬಾಗಿಲು ಬಾಗಿಲಲ್ಲ, ಮೂರು ದೇಶಗಳ ಸ್ನೇಹದ ಸೇತುವೆ, ಅದನ್ನು ನೆನೆದರೆ ತನಗೆ ಅಳುವೇ ಬರುತ್ತದೆ ಅಂತ ಬಹಳ ಹೊತ್ತು ಮಾತಾಡಿದ. ಕೊನೆಗೆ, ಮೇಲ್ಗಿರಿಯವರು ಒಪ್ಪಬೇಕು ಅಂದ.

ಮಾತು ಮೇಜು ಸುತ್ತಿ ಹೊರಟಲ್ಲಿಗೇ ಬಂತು. ಅಷ್ಟರಲ್ಲಿ ಕೇತಮ್ಮನ ಬುಟ್ಟಿ ಹಗುರಾಗಿತ್ತು. ತಗ್ಗುನಾಡಿನ ರಾಜ ಮೇಜಿನ ಮೇಲಿಂದ ಕೈ ಚಾಚಿ ಬಸುರಿಯ ತಂಬಿಟ್ಟನ್ನು ಒಂದೊಂದಾಗಿ ಮುಗಿಸಿದ್ದ. ಅವನ ಕೈಗೆ ಗಡಿ ಇರಲಿಲ್ಲ.

"ಚೆನ್ನಾಗಿದೆ. ಬೆಲ್ಲ ಒಂಚೂರು ಕಡಿಮೆ," ಅಂದ.

ಕೇತಮ್ಮ ಖಾಲಿ ಬುಟ್ಟಿ ಹೊತ್ತು ಬಂದು ಮತ್ತೆ ರಾಗಿ ಹುರಿದಳು.

ಕೆಲವು ದಿನ ಕಳೆದು ಬಾಗಿಲ ಬಳಿ ವಾಲಗದ ಸದ್ದು ಕೇಳಿತು. ಕೇತಮ್ಮ ಓಡಿದಳು. ತನಗೇ ಬಾಗಿಲು ತೆರೆದರೇನೋ ಅಂದುಕೊಂಡಳು. ಅಲ್ಲ. ಗಬ್ಬದ ಆನೆಯೊಂದು ಮರಿ ಹಾಕಲು ತಗ್ಗುನಾಡಿನಿಂದ ಮೇಲ್ಗಿರಿಗೆ ಹೊರಟಿತ್ತು. ಪ್ರತಿ ಸಲವೂ ಅದು ಅಲ್ಲೇ ಈಯುತ್ತಿತ್ತು, ಆ ಕಡೆ ಬಿದಿರಿನ ಎಳೆ ಕಳಲೆ ಜಾಸ್ತಿ. ಈ ಸಲ ಚಪ್ಪಾಳಯ್ಯ ಅದಕ್ಕೆ ಸ್ನೇಹಲಕ್ಷ್ಮಿ ಅಂತ ಹೆಸರಿಟ್ಟಿದ್ದ. ಬಾಗಿಲು ತೆರೆಯಿತು. ವಾಲಗದವರು ಊದಿದರು. ನೋಡುಬಂಡಿಯ ಮೇಲೆ ಟೋಪಿಗಳೆಲ್ಲ ಚಪ್ಪಾಳೆ ತಟ್ಟಿದವು. ನಡುಕೋಟೆಯ ರಾಜ ಗಳಗಳ ಅತ್ತ. ಆನೆ ಗಾಬರಿಯಾಗಿ ವಾಲಗದವನ ಪೇಟ ಕಿತ್ತುಕೊಂಡು ಓಡಿತು.

ಬಾಗಿಲು ಮುಚ್ಚಿತು. ಬೇಲಿಯಾಚೆ ಬೊಮ್ಮಿ ನಿಂತಿದ್ದಳು, ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು.

"ಅವ್ವ, ಕಾಲು ಊದಿದಾವೆ."

"ಹುಣಸೆ ಸೊಪ್ಪು ಕಾಯಿಸಿ ನೀರು ಹುಯ್ಕೊ."

"ನಿನ್ನ ಅಳಿಯ ಸೊಪ್ಪು ತರ್ತೀನಿ ಅಂತ ಹೋಗಿ ಸೌದೆ ತಂದವ್ನೆ."

"ಅದನ್ನೇ ಅವನ ಬೆನ್ನಿಗೆ ಹಾಕು," ಅಂದಳು ಕೇತಮ್ಮ. ಇಬ್ಬರೂ ನಕ್ಕರು. ನಗುತ್ತಲೇ ಬೊಮ್ಮಿ ಬಾಗಿಲ ಕಡೆ ನೋಡಿದಳು.

"ಆನೆಗೆ ಬುಟ್ರು ಕಣವ್ವ. ನನ್ನ ಬುಡಲಿಲ್ಲ. ನನಗೆ ಇಲ್ಲೇ ಆಗೋದ್ರೆ?"

ಮುಕುಡಪ್ಪ ಇಬ್ಬರ ನಡುವೆ ನಿಂತು, ಕಿವುಡನಂತೆ ಮರದ ಮೇಲಿನ ಕಾಗೆ ನೋಡುತ್ತಿದ್ದ. ಮರದ ಮೇಲೆ ಕಾಗೆ ಇರಲಿಲ್ಲ.

ಇತ್ತ ಚಪ್ಪಾಳಯ್ಯನಿಗೂ ಕಷ್ಟ ಶುರುವಾಗಿತ್ತು. ವಾಲಗ ಕೇಳಿದ ಮೇಲೆ ಪ್ರಾಣಿಗಳು ದಾರಿಯ ಹತ್ತಿರ ಸುಳಿಯಲಿಲ್ಲ. ಹುಲಿ ಗುಹೆ ಬಿಟ್ಟು ಬರಲಿಲ್ಲ. ಕರಡಿ ಟೋಪಿ ಕಂಡು ಮರ ಹತ್ತಿತು. ಅತಿಥಿಗಳು ಮೊದಲ ದಿನ ಆನೆಲದ್ದಿ ನೋಡಿದರು. ಎರಡನೆಯ ದಿನ ಪೊದೆಯೊಳಗೆ ಒಂದು ಬಾಲ ನೋಡಿದರು. ಮೂರನೆಯ ದಿನ ಮೊದಲ ದಿನದ ಲದ್ದಿಯೇ ಒಣಗಿದ್ದನ್ನು ನೋಡಿದರು. ಟೋಪಿಗಳು ಗೊಣಗಿದವು.

ಆಗ ಚಪ್ಪಾಳಯ್ಯ ಒಂದು ಉಪಾಯ ಮಾಡಿದ. ಬುದ್ಧಿ ಹೆಚ್ಚಾಗಿ ಮಾಡಿದ್ದಲ್ಲ, ಹೃದಯ ಇಲ್ಲದೆ ಮಾಡಿದ್ದು. ಮಾರನೆಯ ಬೆಳಿಗ್ಗೆ ಹಾಡಿಯಲ್ಲಿ ಡಂಗುರ ಬಡಿಸಿದ. ಡಂಗುರದವನು ಉಸಿರೆಳೆದುಕೊಂಡು ಹೀಗೆ ಸಾರಿದ: ಈ ಕಾಡಿನಲ್ಲಿ ನೋಡಲು ಸಿಗುವ ಪ್ರಾಣಿಗಳು ಆನೆ, ಹುಲಿ, ಕರಡಿ, ಜಿಂಕೆ ಮತ್ತು ಕಾಡುಜನ. ನೋಡುಬಂಡಿ ಬಂದಾಗ ಕಾಡುಜನ ಎಲೆ ಉಟ್ಟು ದಾರಿ ಬದಿಗೆ ಕಾಣಿಸಿಕೊಳ್ಳಬೇಕು. ಸೀರೆ ಉಡಕೂಡದು. ಕೊಡೆ ಹಿಡಿಯಕೂಡದು. ಇದಕ್ಕೆ ಮೂವರು ರಾಜರ ಒಪ್ಪಿಗೆ ಆಗಿದೆ.

ಆಮೇಲೆ ದಿನವೂ ಅತಿಥಿಗಳಿಗೆ ಹೇಳುವ ಕಟ್ಟಳೆಗಳನ್ನೂ ಸಾರಿದ. ಗಡಿಯಲ್ಲಿ ಪ್ರಾಣಿಯನ್ನು ಯಾರೂ ತಡೆಯಬಾರದು. ಪ್ರಾಣಿ ದಾರಿಯಲ್ಲಿದ್ದರೆ ಬಂಡಿ ನಿಲ್ಲಬೇಕು, ಅದು ಏಳುವವರೆಗೆ ಬಂಡಿಯಿಂದ ಯಾರೂ ಇಳಿಯಬಾರದು. ಪ್ರಾಣಿಯನ್ನು ಕೂಗಿ ಓಡಿಸಬಾರದು. ಯಾವ ರಾಜ ಈ ಕಟ್ಟಳೆ ಮುರಿಯುತ್ತಾನೋ ಅವನ ಪಾಲಿನ ಕಾಡು ಉಳಿದಿಬ್ಬರಿಗೆ ಸೇರುತ್ತದೆ. ಈ ಕೊನೆಯ ಕಟ್ಟಳೆಯನ್ನು ರಾಜರೇ ಸೇರಿಸಿಕೊಂಡಿದ್ದರು. ಸ್ನೇಹ ಬಹಳ ಇತ್ತು, ನಂಬಿಕೆ ಇರಲಿಲ್ಲ.

ಹಾಡಿ ಸಿಟ್ಟಿಗೆ ಹೊತ್ತಿ ಉರಿಯಿತು. ಯಜಮಾನ ಕಾರಯ್ಯ ಸಂತೆಯಿಂದ ಹೊಸ ಕೊಡೆ ತಂದು ವಾರವೂ ಆಗಿರಲಿಲ್ಲ. ಅವನು ಅದನ್ನು ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ಕೂಗಾಡಿದ. ನಾವು ಮರಕ್ಕೆ ಕೈ ಮುಗಿದು ಸೌದೆ ಕಡಿಯುವವರು, ನಮ್ಮ ತಾತ ಮುತ್ತಾತ ಈ ನೆಲದಲ್ಲಿ ಮಲಗಿದ್ದಾರೆ, ನಮ್ಮನ್ನು ಜಿಂಕೆಯ ಪಕ್ಕ ನಿಲ್ಲಿಸುತ್ತಾನಾ ಅಂದ. ದೊಣ್ಣೆ ತನ್ನಿ ಅಂದ. ಅವನ ಸಿಟ್ಟು ನ್ಯಾಯವಾದ ಸಿಟ್ಟು. ಯಾರಿಗೆ ತಪ್ಪು ಅನ್ನಿಸುತ್ತದೋ ಅವರು ಎದ್ದು ಹೋಗಿ ಎಲೆ ಉಟ್ಟುಕೊಂಡು ದಾರಿಯಲ್ಲಿ ನಿಂತು ನೋಡಲಿ.

ಕೇತಮ್ಮ ಮಾತ್ರ ಕೂತಲ್ಲೇ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಕಾರಯ್ಯಮಾವ, ಪ್ರಾಣಿ ಅಂದಿದ್ದಕ್ಕೆ ಅವರಿಗೆ ಮಾಡೋದು ಆಮೇಲೆ ಮಾಡೋವ. ಪ್ರಾಣಿಗೆ ಬಾಗಿಲು ತೆಗೀಬೇಕು ಅಂತ ಅವರೇ ಸಾರವ್ರೆ. ಮೊದಲು ನನ್ನ ಮಗಳನ್ನ ತತ್ತೀನಿ."

ಬುಟ್ಟಿ ಹೊತ್ತಳು. ಸೀರೆಯ ಮೇಲೇ ಸೊಂಟಕ್ಕೆ ಒಂದು ಮುತ್ತುಗದ ಎಲೆ ಸಿಕ್ಕಿಸಿಕೊಂಡಳು, ಒಂದೇ ಒಂದು. ಬಾಗಿಲಿಗೆ ಬಂದಾಗ ಅಲ್ಲಿ ನೋಡುಬಂಡಿಯೊಂದು ನಿಂತಿತ್ತು, ಅದರ ತುಂಬ ಬೇಸತ್ತ ಟೋಪಿಗಳು.

"ಎಲ್ಲಿಗೆ ಕೇತಕ್ಕ?" ಅಂದ ಮುಕುಡಪ್ಪ.

"ಪ್ರಾಣಿಯ ಹತ್ರ ಮಾತಾಡ್ತೀಯಲ್ಲ, ನಿಂಗೆ ಹುಚ್ಚಾ?" ಅಂದಳು ಕೇತಮ್ಮ. ನಡೆಯುತ್ತಲೇ ಇದ್ದಳು.

ಮುಕುಡಪ್ಪ ಕೋಲು ಅಡ್ಡ ಹಿಡಿದ. ಬಂಡಿ ಹೊಡೆಯುವವನು ಕಟ್ಟಳೆಯನ್ನು ಬಾಯಿಪಾಠ ಮಾಡಿದ್ದವನು. ಬಂಡಿಯ ಮೇಲಿಂದಲೇ ಹಲ್ಲು ಕಚ್ಚಿ, ಪ್ರಾಣಿಯನ್ನು ತಡೆಯಬೇಡ, ನಿನ್ನ ಕೆಲಸ ಹೋಗುತ್ತದೆ, ನನ್ನದೂ ಹೋಗುತ್ತದೆ ಅಂತ ಪಿಸುಗುಟ್ಟಿದ. ಅತಿಥಿಗಳ ಕಡೆ ತಿರುಗಿ ಮೆಲ್ಲಗೆ, ಇದು ಪೂರ್ತಿ ಬೆಳೆದ ಹೆಣ್ಣು, ಮರಿಯನ್ನು ಹುಡುಕಿಕೊಂಡು ಹೊರಟಿದೆ, ಸದ್ದು ಮಾಡಬೇಡಿ ಅಂದ. ಟೋಪಿಗಳೆಲ್ಲ ಉಸಿರು ಬಿಗಿಹಿಡಿದವು.

ಮುಕುಡಪ್ಪ ಕೇತಮ್ಮನ ಮುಖ ನೋಡಿದ. ಕೋಲು ಕೆಳಗಿಳಿಸಿದ. ಬಾಗಿಲು ಪೂರ್ತಿ ತೆರೆದ, ಆನೆಗೆ ತೆರೆಯುವಷ್ಟು. ಕೇತಮ್ಮ ಹಳ್ಳ ದಾಟಿದಳು. ಹಿಂದಿನಿಂದ ಚಪ್ಪಾಳೆ ಕೇಳಿತು.

ಸುದ್ದಿ ಚಪ್ಪಾಳಯ್ಯನಿಗೆ ಹೋಯಿತು. ಎಲೆ ಉಟ್ಟು ನಿಲ್ಲು ಅಂದರೆ ಮಗಳ ಮನೆಗೆ ಹೋಗುತ್ತಾಳಾ ಅಂತ ಅವನು ಕೆಂಡವಾದ. ಕಟ್ಟಳೆ ಬದಲಿಸಲು ಮೂವರು ರಾಜರೂ ಬಾಯಿ ತೆರೆದು ಸಾರಬೇಕು. ಮಾರನೆಯ ದಿನವೇ ರಾಜರು ಅತಿಥಿಗಳ ಜೊತೆ ಕಾಡು ಸುತ್ತುವ ದೊಡ್ಡ ಸವಾರಿ ಇತ್ತು, ಅದಕ್ಕೆ ಪುರುಸೊತ್ತಿರಲಿಲ್ಲ. ಹಾಗಾಗಿ ಯಾರಿಗೂ ಹೇಳದೆ, ಬಾಗಿಲಿಗೆ ಒಂದು ದೊಡ್ಡ ಮರದ ತುಂಡನ್ನು ಅಡ್ಡ ಹಾಕಿಸಿದ. ಹೋದವಳು ಹೋದಳು, ಬರುವಾಗ ನೋಡೋಣ ಅಂದ.

ಮಾರನೆಯ ದಿನ ಕೇತಮ್ಮ ಮಗಳ ಕೈ ಹಿಡಿದು ನಡೆಸಿಕೊಂಡು ಬಂದಳು. ಹಿಂದೆ ಜಡೆಯ ಗಂಟು ಹೊತ್ತು ಬರುತ್ತಿದ್ದ. ಬಾಗಿಲ ಹತ್ತಿರ ಬಂದರೆ ಮರದ ತುಂಡು. ತುಂಡಿನಾಚೆ ಮುಕುಡಪ್ಪ, ತಲೆ ತಗ್ಗಿಸಿಕೊಂಡು. ಮಂತ್ರಿಯ ಅಪ್ಪಣೆ ಇಲ್ಲದೆ ತೆಗೆದರೆ ತನ್ನ ತಲೆ ಹೋಗುತ್ತದೆ ಅಂದ.

ಬೊಮ್ಮಿ ತುಂಡನ್ನು ನೋಡಿದಳು. ದಾರಿಯ ನಡುವೆಯೇ ಕೂತಳು.

"ಅವ್ವ, ತಂಬಿಟ್ಟು ಕೊಡು."

ಆ ಕಾಡಿನವರಲ್ಲಿ ಒಂದು ಪದ್ಧತಿ. ತವರಿಗೆ ಹೊರಟ ಚೊಚ್ಚಲ ಬಸುರಿ ದಾರಿಯಲ್ಲಿ ಒಂದು ಸಲ ಕೂತು, ತಾಯಿ ಕಟ್ಟಿದ ತಂಬಿಟ್ಟನ್ನು ಹೊಟ್ಟೆ ತುಂಬ ತಿನ್ನಬೇಕು. ಅವಳು ಕೂತಿರುವಾಗ ಏಳು ಅಂತ ಯಾರೂ ಅನ್ನಬಾರದು. ಹುಲಿ ಬಂದರೂ ಅನ್ನಬಾರದು. ಅವಳಿಗೆ ಸಾಕು ಅನ್ನಿಸಿದಾಗ ಅವಳೇ ಏಳಬೇಕು.

ಬೊಮ್ಮಿ ತಿನ್ನತೊಡಗಿದಳು. ಹಿಂದೆ ಗಡಗಡ ಸದ್ದಾಯಿತು.

ರಾಜರ ಸವಾರಿ. ಮುಂದಿನ ಬಂಡಿಯಲ್ಲಿ ಮೂವರು ರಾಜರು, ಒಂದೇ ಎತ್ತರದ ಮೂರು ಪೀಠದ ಮೇಲೆ. ಬಂಡಿಯ ಮೆಟ್ಟಿಲ ಮೇಲೆ ಚಪ್ಪಾಳಯ್ಯ. ಹಿಂದೆ ಸಾಲಾಗಿ ಅತಿಥಿಗಳ ಬಂಡಿ. ಎರಡೂ ಬದಿಗೆ ಮುಳ್ಳು. ಮುಂದೆ ಬೊಮ್ಮಿ. ಬಂಡಿ ಹೊಡೆಯುವವನು ಬಂಡಿ ನಿಲ್ಲಿಸಿದ.

"ಹೊಡಿ ಮುಂದಕ್ಕೆ," ಅಂದ ಮೇಲ್ಗಿರಿಯ ರಾಜ.

"ಪ್ರಾಣಿ ಕೂತಿದೆ ಮಹಾಸ್ವಾಮಿ."

ಚಪ್ಪಾಳಯ್ಯ ಇಳಿದು ಓಡಿಸಲು ಒಂದು ಕಾಲು ಕೆಳಗಿಟ್ಟ. ತಕ್ಷಣ ತಗ್ಗುನಾಡಿನ ರಾಜನೂ ನಡುಕೋಟೆಯ ರಾಜನೂ ಒಟ್ಟಿಗೆ ಕೇಳಿದರು, ಮಂತ್ರಿ ಇಳಿಯುತ್ತಿರುವುದು ಯಾವ ರಾಜನ ಪರವಾಗಿ ಅಂತ. ಕೇಳುವಾಗ ಅವರ ಬಾಯಲ್ಲಿ ಆಗಲೇ ನೀರೂರಿತ್ತು. ಚಪ್ಪಾಳಯ್ಯ ಕಾಲನ್ನು ಹಾಗೇ ಮೇಲೆತ್ತಿಕೊಂಡ. ಆಮೇಲೆ ಬೊಮ್ಮಿ ಏಳುವವರೆಗೆ ಕೊಕ್ಕರೆಯಂತೆ ನಿಂತಿದ್ದ.

ಬಿಸಿಲು ಏರಿತು. ಮೇಲ್ಗಿರಿಯ ರಾಜನ ಮೀಸೆಯ ತುಪ್ಪ ಕರಗಿತು. ಬಂಡಿಗೆ ತಾಗಿದ ಕೊಂಬೆಯಿಂದ ಇರುವೆಗಳು ಇಳಿದು ಮೀಸೆಗೆ ಸಾಲು ಹಿಡಿದವು. ರಾಜ ಕೈ ಎತ್ತಿದ. ಇರುವೆಯೂ ಪ್ರಾಣಿಯೇ ಅಂತ ಉಳಿದಿಬ್ಬರು ನೆನಪಿಸಿದರು. ಅವನು ಕೈ ಕೆಳಗಿಳಿಸಿ, ಕಣ್ಣು ಮುಚ್ಚಿ, ಮೂಗು ಮಾತ್ರ ಕುಣಿಸುತ್ತ ಕೂತ.

ತಗ್ಗುನಾಡಿನ ರಾಜನಿಗೆ ತಂಬಿಟ್ಟಿನ ವಾಸನೆ ಬಡಿಯಿತು. ಹಿಂದಿನ ಬಂಡಿಯಿಂದ ಒಬ್ಬ ಟೋಪಿಯವಳು ಕನಿಕರಪಟ್ಟು ಅವನಿಗೆ ಬಾಳೆಹಣ್ಣು ಚಾಚಿದಳು. ಕಾಡಿನಲ್ಲಿ ಯಾವುದಕ್ಕೂ ತಿನ್ನಲು ಕೊಡಬಾರದು ಅಂತ ಬಂಡಿಯವನು ತಡೆದ. ರಾಜ ಹಣ್ಣು ಹೋದ ದಿಕ್ಕನ್ನೇ ನೋಡುತ್ತ ಉಳಿದ.

ನಡುಕೋಟೆಯ ರಾಜ ಬೆಳಿಗ್ಗೆ ಎಳನೀರು ಕುಡಿದಿದ್ದ. ಒಂದಲ್ಲ. ಅವನು ಕಾಲು ಹೊಸೆದ. ಮತ್ತೆ ಹೊಸೆದ. ಈ ಸಲ ಅವನ ಕಣ್ಣೀರಿಗೆ ಸ್ನೇಹ ಕಾರಣವಾಗಿರಲಿಲ್ಲ.

ಅಷ್ಟರಲ್ಲಿ ಎರಡೂ ಹಾಡಿಯ ಜನ ಸೇರಿದರು. ಬೇಲಿಯ ಆಚೆ ಕೆಲವರು, ಈಚೆ ಕೆಲವರು, ಕುಕ್ಕರುಗಾಲಲ್ಲಿ ಕೂತು ಬಂಡಿಯನ್ನೇ ನೋಡತೊಡಗಿದರು. ಯಾರೂ ಎಲೆ ಉಟ್ಟಿರಲಿಲ್ಲ. ಕಾರಯ್ಯ ಕೊಡೆ ಬಿಚ್ಚಿ ಹಿಡಿದಿದ್ದ.

"ಕೇತಮ್ಮ, ಆ ಮೀಸೇದು ಕಚ್ಚುತ್ತಾ?"

"ಕಚ್ಚಲ್ಲ ಮಾವ. ಪಕ್ಕದ್ದನ್ನ ಕೇಳು ಅಂತದೆ ಅಷ್ಟೆ."

"ಆ ಕೊನೇದು ಯಾಕೆ ಹಂಗೆ ಕಾಲು ಹೊಸೀತದೆ?"

"ನೀರಿನ ಜಾತಿ."

ಅತಿಥಿಗಳಿಗೆ ಇಷ್ಟು ಒಳ್ಳೆಯ ದಿನ ಈ ಕಾಡಿನಲ್ಲಿ ಸಿಕ್ಕಿರಲೇ ಇಲ್ಲ. ಯಾವ ಕಡೆ ನೋಡಬೇಕು ಅನ್ನುವುದೇ ಅವರಿಗೆ ತಿಳಿಯಲಿಲ್ಲ.

ಬೊಮ್ಮಿ ಅಗಿಯುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. ಸೊಂಟಕ್ಕೆ ಕೈ ಹೋಯಿತು. ಕೇತಮ್ಮ ಬಗ್ಗಿ, ನೋವಾ ಅಂತ ಕೇಳಿದಳು.

"ಬಂತು, ಹೋಯ್ತು," ಅಂದಳು ಬೊಮ್ಮಿ ಮೆಲ್ಲಗೆ.

ಕೇತಮ್ಮನಿಗೆ ಗೊತ್ತಾಯಿತು. ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕು. ಈ ಹಟ ನಿಲ್ಲಿಸಿಬಿಡಲೇ, ರಾಜರ ಕಾಲು ಹಿಡಿಯಲೇ, ಬೇಡಿಕೊಳ್ಳಲೇ ಅನ್ನಿಸಿತು. ಬೊಮ್ಮಿ ತಾಯಿಯ ಮುಖ ಓದಿದಳು.

"ಇನ್ನೊಂದು ತಂಬಿಟ್ಟು ಕೊಡವ್ವ. ನಾನು ಏಳಲ್ಲ."

ಕೊಟ್ಟಳು. ಬೊಮ್ಮಿ ಕಚ್ಚಿದಳು. ಆ ಕಚ್ಚಿದ ಸದ್ದಿಗೆ ತಗ್ಗುನಾಡಿನ ರಾಜ ನರಳಿದ.

ಮೊದಲು ಸೋತವನು ನಡುಕೋಟೆಯ ರಾಜ. ಇವರು ಪ್ರಾಣಿಗಳಲ್ಲ, ಮನುಷ್ಯರು ಅಂತ ಮೂವರೂ ಸಾರಿಬಿಡೋಣ, ಮನುಷ್ಯರಾದರೆ ಏಳು ಅನ್ನಬಹುದು ಅಂದ. ಮೂವರೂ ಒಟ್ಟಿಗೆ ಕೂಗಿದರು. ಇವರು ಮನುಷ್ಯರು. ಇವರು ಮನುಷ್ಯರು. ಇವರು ಮನುಷ್ಯರು. ಕಾಡೆಲ್ಲ ಕೇಳಿಸಿತು. ಆದರೂ ಮೊದಲು ಇಳಿದವನ ಕಾಡು ಹೋದೀತು ಅಂತ ಒಬ್ಬ ರಾಜನೂ ಬಂಡಿಯಿಂದ ಇಳಿಯಲಿಲ್ಲ.

"ಕೇಳಿದೆಯಾ? ಏಳು ಮತ್ತೆ," ಅಂದ ಚಪ್ಪಾಳಯ್ಯ, ಒಂಟಿ ಕಾಲಿನ ಮೇಲೆ ನಿಂತೇ.

ಕೇತಮ್ಮ ಸೆರಗು ಬಿಗಿದು ಬಂಡಿಯ ಮುಂದೆ ಬಂದು ನಿಂತಳು.

"ನಾವು ಮನುಷ್ಯರು ಅನ್ನೋದು ನಮಗೆ ಗೊತ್ತಿತ್ತು, ಬುದ್ಧಿ. ನಿಮಗೆ ಈಗ ಗೊತ್ತಾಯ್ತು. ಮನುಷ್ಯರು ಅಂದ್ಮೇಲೆ ಪೂರ್ತಿ ಹೇಳಿ. ಈ ದಾರಿ ನಮ್ಮದು ಅನ್ನಿ. ಹೋಗೋಕೆ ಬರೋಕೆ ನಾವು ಯಾರನ್ನೂ ಕೇಳಬೇಕಿಲ್ಲ ಅನ್ನಿ. ಈ ಬಂಡಿ ಕಾಡಿಗೆ ಬರಬೇಕಾದ್ರೆ ನಮ್ಮನ್ನ ಕೇಳಿ ಬರಬೇಕು ಅನ್ನಿ. ಅನ್ನದೆ ಹೋದ್ರೆ ನಾವು ಪ್ರಾಣಿಗಳೇ. ಪ್ರಾಣಿಗೆ ಮಾತು ಬರಲ್ಲ. ಬುಟ್ಟೀಲಿ ತಂಬಿಟ್ಟು ಇನ್ನೂ ಅದೆ."

ಮೇಲ್ಗಿರಿಯ ರಾಜ ಬಾಯಿ ತೆರೆದ. ತಗ್ಗುನಾಡಿನವರು ಒಪ್ಪಬೇಕು ಅನ್ನಲು ಹೊರಟಿದ್ದ. ಒಂದು ಇರುವೆ ಮೂಗಿನೊಳಗೆ ಹೋಯಿತು.

"ಒಪ್ಪಿದೆ," ಅಂದ.

ತಗ್ಗುನಾಡಿನ ರಾಜ ಒಪ್ಪಿದ. ನಡುಕೋಟೆಯ ರಾಜ ಮಾತು ಮುಗಿಯುವ ಮೊದಲೇ ಒಪ್ಪಿದ. ಮೂರು ಮಾತನ್ನೂ ಅತಿಥಿಗಳ ಮುಂದೆ, ಡಂಗುರದ ಸದ್ದಿನ ಜೊತೆ, ಒಬ್ಬೊಬ್ಬರಾಗಿ ಸಾರಿದರು. ಮೂರನೆಯ ಮಾತಿಗೆ ಮೇಲ್ಗಿರಿಯ ರಾಜ ದನಿ ತಗ್ಗಿಸಿದ. ಕೇಳಲಿಲ್ಲ ಅಂದ ಕಾರಯ್ಯ. ಮತ್ತೆ ಕೂಗಿಸಿದರು.

ಮುಕುಡಪ್ಪ ಮರದ ತುಂಡನ್ನು ಕಿತ್ತು ಹಳ್ಳಕ್ಕೆ ಎಸೆದ. ಓಡಿ ಬಂದು ಕೇತಮ್ಮನ ಬುಟ್ಟಿ ಇಸಕೊಂಡ.

ಬೊಮ್ಮಿ ಇನ್ನೂ ಎದ್ದಿರಲಿಲ್ಲ. ಬಾಯಲ್ಲಿದ್ದುದನ್ನು ಅಗಿದಳು. ನುಂಗಿದಳು. ಕೈ ಒರೆಸಿಕೊಂಡಳು. ಮೂವರು ರಾಜರು ಅವಳ ಗಂಟಲನ್ನೇ ನೋಡುತ್ತಿದ್ದರು. ಏಳು ಅಂತ ಒಬ್ಬನೂ ಅನ್ನಲಿಲ್ಲ. ಕೊನೆಗೆ ಅವಳು ಗ್ಯಾ ಅಂತ ತೇಗಿ, ತಾಯಿಯ ಭುಜ ಹಿಡಿದು ಎದ್ದಳು.

ರಾಜರು ಮೂವರೂ ಒಂದೇ ಸಲ ಧುಮುಕಿದರು, ಯಾರು ಮೊದಲು ಇಳಿದರು ಅನ್ನುವ ಮಾತು ಬಾರದಿರಲಿ ಅಂತ. ಒಂದೇ ಪೊದೆಗೆ ಓಡಿ, ಮೂರು ಕಡೆಯಿಂದ ಹಂಚಿಕೊಂಡರು. ಆ ದಿನ ಗಡಿ ಜಗಳ ಆಗಲಿಲ್ಲ.

ಹೊತ್ತು ಮುಳುಗುವ ಮೊದಲೇ ಕೇತಮ್ಮನ ಗುಡಿಸಲಲ್ಲಿ ಬೊಮ್ಮಿ ಹೆತ್ತಳು. ಮಗು ಅಡ್ಡ ಬಂದಿತ್ತು. ಕೇತಮ್ಮನ ಕೈ ಇಲ್ಲದಿದ್ದರೆ ಎರಡು ಜೀವ ಹೋಗುತ್ತಿತ್ತು. ಇದನ್ನು ನಗುತ್ತ ಕೇಳಬೇಡಿ. ಹೆಣ್ಣುಮಗು. ತಾಯಿ ಮಗು ಇಬ್ಬರೂ ಉಳಿದರು. ಜಡೆಯ ಸಂತೋಷಕ್ಕೆ ಗಂಜಿ ಮಾಡಲು ಹೋಗಿ ಒಲೆ ಆರಿಸಿದ.

ಚಪ್ಪಾಳಯ್ಯ ಏನಾದ? ಎಲೆ ಉಟ್ಟ ಕಾಡುಜನ ಎಲ್ಲಿ, ತೋರಿಸುತ್ತೇವೆ ಅಂದಿದ್ದಿರಲ್ಲ ಅಂತ ಅತಿಥಿಗಳು ಪಟ್ಟು ಹಿಡಿದರು. ಹಾಡಿಯವರು ಬರುವುದಿಲ್ಲ ಅಂದರು. ಕೊಟ್ಟ ಮಾತು ತಪ್ಪಬಾರದು ಅಂತ ರಾಜರು ಮಂತ್ರಿಗೇ ಎಲೆ ಉಡಿಸಿ ದಾರಿ ಬದಿಗೆ ನಿಲ್ಲಿಸಿದರು. ಬಂಡಿ ಬಂದರೆ ಅವನು ಕಾಣಿಸಿಕೊಳ್ಳಬೇಕು. ಕೊಡೆ ಇಲ್ಲ.

ನೀತಿ ಇಷ್ಟೇ. ಪ್ರಾಣಿಗೆ ದಾರಿ ಬಿಡುವುದು ಧರ್ಮ. ಪ್ರಾಣಿಯ ಹೆಸರು ಹೇಳಿ ಅಲ್ಲೇ ಹುಟ್ಟಿದವರ ದಾರಿ ಕಟ್ಟುವುದು ಕಳ್ಳತನ. ಮನುಷ್ಯನನ್ನು ನೋಡುವ ವಸ್ತು ಮಾಡಿದವನ ಕೈಗೆ ಒಂದು ದಿನ ಅದೇ ಎಲೆ ಬರುತ್ತದೆ.

ಕಥೆ ಕೇಳಿ ನಕ್ಕಿರಿ, ಸಂತೋಷ. ಈಗ ಕೆಲಸ ಮಾಡಿ. ನಾಳೆ ನಿಮ್ಮನ್ನೂ ಯಾರೋ ಕಾಡು ತೋರಿಸುತ್ತೇವೆ, ಎರಡು ದೇಶದ ಪ್ರಾಣಿ ಒಂದೇ ಸುತ್ತಿನಲ್ಲಿ ನೋಡಬಹುದು ಅಂತ ಕರೆಯುತ್ತಾರೆ. ಜೀಪು ಹತ್ತುವ ಮೊದಲು ಕೇಳಿ, ಇಲ್ಲಿದ್ದ ಜನ ಎಲ್ಲಿ, ಅವರ ದಾರಿ ತೆರೆದಿದೆಯಾ, ನಾವು ಬರುವುದಕ್ಕೆ ಅವರು ಒಪ್ಪಿದ್ದಾರಾ ಅಂತ. ಜೋರಾಗಿ ಕೇಳಿ, ಪಕ್ಕದವರಿಗೂ ಕೇಳಿಸಲಿ. ಉತ್ತರ ಬರಲಿಲ್ಲವೋ, ಹತ್ತಬೇಡಿ. ಆಗಲೇ ಹತ್ತಿ ಕೂತಿದ್ದರೆ, ಇಳಿಯಿರಿ.